ಭಾನುವಾರ ರಾತ್ರಿ ಮೂರು ಗಂಟೆ

ಗವಿಪುರಂ, ಬೆಂಗಳೂರು
10 ಏಪ್ರಿಲ್ 2005

ವಾದಿರಾಜರಿಗೆ ಕೋಕಿಲಾ ಮಾಡುವ ನಮಸ್ಕಾರಗಳು.

ಏಳು ವರ್ಷಗಳ ಮೇಲೆ ಈ ಮನೆಯಿಂದ ಪತ್ರ ಬಂತೆಂದು ಗಾಬರಿಯಾಗಬೇಡಿ. ಬರೆಸುತ್ತಿರುವವರು ಅಪ್ಪ. ಎರಡೂ ಕಣ್ಣಿಗೆ ಪೊರೆ ಬಂದಿರುವುದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಫೋನ್ ಮಾಡೋಣವೆಂದರೆ ಅವರ ಕಿವಿಯೂ ಅಷ್ಟಕ್ಕಷ್ಟೇ. ನೀವು ಹೇಳುವುದು ಕಾಗದದ ಮೇಲಿದ್ದರೆ ಪಕ್ಕದಲ್ಲಿಟ್ಟುಕೊಂಡು ಮಾಡಬಹುದು ಎಂದು ಅವರ ವಾದ.

ವಿಷಯ ಲ್ಯಾಪ್‌ಟಾಪಿನದು. ಅಕ್ಕಿಪೇಟೆಯ ಮಾಯಣ್ಣನವರು ಮಗಳ ಮದುವೆ ಕುದುರಿದ ಖುಷಿಯಲ್ಲಿ ಅಪ್ಪನ ವಧೂವರ ಕೇಂದ್ರಕ್ಕೆ ಕೊಟ್ಟರಲ್ಲ, ಅದೇ. ನೀವು ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಾಗ ಬರೆದುಕೊಟ್ಟ ಜಾತಕ ಹೊಂದಿಸುವ ಪ್ರೋಗ್ರಾಮೇ ಇವತ್ತಿಗೂ ಅದರಲ್ಲಿ ಓಡುತ್ತಿದೆ. ಓಡುತ್ತಿದೆ ಎನ್ನುವುದು ಮರ್ಯಾದೆಯ ಮಾತು, ನಿಜಕ್ಕೂ ತೆವಳುತ್ತಿದೆ. ಒಂದು ಹುಡುಗಿಗೆ ಹೊಂದುವ ವರಗಳನ್ನೆಲ್ಲ ತೋರಿಸು ಎಂದರೆ ಅದು ಯೋಚಿಸಿ ಮುಗಿಸುವಷ್ಟರಲ್ಲಿ ಬಂದವರು ಎರಡು ಸಲ ಕಾಫಿ ಕುಡಿದಿರುತ್ತಾರೆ. ನಡುವೆ ನೀಲಿ ಪರದೆ ಬಂದು ನಿಂತರೆ ಮತ್ತೆ ಮೊದಲಿಂದ ಶುರು. ಹೊಸದು ಕೊಳ್ಳೋಣವೆಂದರೆ ಅಪ್ಪ ಒಪ್ಪುವುದಿಲ್ಲ. “ಅವನು ಮಾಡಿಟ್ಟದ್ದು, ಅವನಿಗೇ ಗೊತ್ತು. ಅವನನ್ನೇ ಕೇಳು” ಎನ್ನುತ್ತಾರೆ.

ಇನ್ನೊಂದು ಮಾತು ನನ್ನದು, ಅಪ್ಪ ಹೇಳಿಸಿದ್ದಲ್ಲ. ಅಂದು ನಿಮ್ಮ ಮನೆಯವರು ನನ್ನನ್ನು ಕೇಳಿದ್ದು, ಇದೇ ಯಂತ್ರ ಇಬ್ಬರದೂ ಒಂದೇ ನಾಡಿ, ಕೂಡದು ಎಂದದ್ದು, ತಿಂಗಳೊಳಗೆ ನೀವು ಬೀದರಿಗೆ ವರ್ಗ ಮಾಡಿಸಿಕೊಂಡದ್ದು, ಎಲ್ಲ ಹಳೆಯ ಮಾತು. ಆ ಸಂಕೋಚದಿಂದ ಉತ್ತರ ತಡಮಾಡಬೇಡಿ. ಯಂತ್ರಕ್ಕೆ ಬೇಗ ಔಷಧಿ ಬೇಕಾಗಿದೆ.

ಕೋಕಿಲಾ


ಬೀದರ್
21 ಏಪ್ರಿಲ್ 2005

ಪೂಜ್ಯ ಬದರೀನಾರಾಯಣ ಮೇಷ್ಟರಿಗೆ ವಾದಿರಾಜನ ನಮಸ್ಕಾರಗಳು.

ಪತ್ರ ಕಂಡು ಬಹಳ ಸಂತೋಷವಾಯಿತು. ನಾನಿಲ್ಲಿ ಪಾಲಿಟೆಕ್ನಿಕ್ಕಿನಲ್ಲಿ ಅದೇ ಪಾಠ ಹೇಳಿಕೊಂಡಿದ್ದೇನೆ. ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ಅಮ್ಮನ ಮಂಡಿನೋವು ಬಿಟ್ಟರೆ ಎಲ್ಲ ಕ್ಷೇಮ.

ನಿಮ್ಮ ಯಂತ್ರಕ್ಕೆ ಮುಪ್ಪು ಬಂದಿಲ್ಲ, ಅದಕ್ಕೆ ಮೆಮೊರಿ ಸಾಲದಾಗಿದೆ. ಇರುವುದು ಮೂವತ್ತೆರಡು ಎಂಬಿ. ಇನ್ನೂರು ಜಾತಕವಿದ್ದಾಗ ಅದು ಸಾಕಾಗಿತ್ತು, ಈಗ ಸಾವಿರ ದಾಟಿರಬೇಕು. ಎಸ್.ಪಿ. ರೋಡಿನಲ್ಲಿ ನೂರ ಇಪ್ಪತ್ತೆಂಟು ಎಂಬಿಯ ಪಟ್ಟಿ ಸಿಗುತ್ತದೆ. ಲ್ಯಾಪ್‌ಟಾಪಿನದು ಎಂದು ಒತ್ತಿ ಹೇಳಬೇಕು. ಲ್ಯಾಪ್‌ಟಾಪಿನ ಬೆನ್ನಲ್ಲಿ ಎರಡು ಸ್ಕ್ರೂಗಳ ಪುಟ್ಟ ಮುಚ್ಚಳವಿದೆ. ಬ್ಯಾಟರಿ ತೆಗೆದು, ಕಿಟಕಿಯ ಸರಳನ್ನೋ ಯಾವುದಾದರೂ ಕಬ್ಬಿಣವನ್ನೋ ಒಮ್ಮೆ ಮುಟ್ಟಿ, ಆಮೇಲೆ ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಕಡೆಯ ಕೊಂಡಿ ತಾನಾಗಿ ಕಚ್ಚಿಕೊಳ್ಳುತ್ತದೆ. ಚಿತ್ರ ಬರೆದು ಜೊತೆಗಿಟ್ಟಿದ್ದೇನೆ.

ಮೆಮೊರಿ ಸೇರಿದ ಮೇಲೆ ವಿಂಡೋಸ್ 98 ತೆಗೆದು ಎಕ್ಸ್‌ಪಿ ಹಾಕಿಸಿ. ಅದಕ್ಕೆ ಮುಂಚೆ ಜಾತಕಗಳನ್ನೆಲ್ಲ ಫ್ಲಾಪಿಗೆ ತುಂಬಿಸಿ, ಎರಡೆರಡು ಪ್ರತಿ ಇರಲಿ.

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕೈಯ ಹುಳಿ ತಿಂದ ನಾಲಿಗೆಗೆ ಇಲ್ಲಿನ ಯಾವ ಹೋಟೆಲೂ ಹಿಡಿಸಿಲ್ಲ.

ವಾದಿರಾಜ


ಗವಿಪುರಂ
8 ಮೇ 2005

ವಾದಿರಾಜರಿಗೆ ನಮಸ್ಕಾರಗಳು.

ಕೊನೆಯ ಸಾಲಿಗೆ ಮೊದಲು ಉತ್ತರ ಬರೆದುಬಿಡುತ್ತೇನೆ. ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ನಿಮಗೆ ತಿಳಿಸಬೇಕೆಂದು ಅಪ್ಪ ಎರಡು ಸಲ ಹೇಳಿದ್ದರು. ತಿಳಿಸದೆ ಇದ್ದವಳು ನಾನು.

ಇನ್ನು ಯಂತ್ರದ ಸಂಗತಿ. ಎಸ್.ಪಿ. ರೋಡಿಗೆ ಹೋದೆ. ಒತ್ತಿ ಹೇಳಿದರೂ ಅಂಗಡಿಯವನು ಗೇಣುದ್ದದ ಪಟ್ಟಿ ಕೊಟ್ಟು ಕಳಿಸಿದ. ಮನೆಗೆ ಬಂದು ಮುಚ್ಚಳ ತೆಗೆದರೆ ಜಾಗ ಅದರ ಅರ್ಧದಷ್ಟೂ ಇಲ್ಲ. ಮಾರನೆಯ ದಿನ ನಾನು ಪಾಠ ಹೇಳುವ ಶಾಲೆಯ ಬೇಸಿಗೆ ಶಿಬಿರ ಮುಗಿಸಿ ಚಾಮರಾಜಪೇಟೆಯಿಂದ ನೇರವಾಗಿ ಹೋಗಿ ಜಗಳ ಮಾಡಿ ಬದಲಾಯಿಸಿಕೊಂಡು ಬಂದೆ. ಅಪ್ಪ ಶುಭಮುಹೂರ್ತ ನೋಡಿಯೇ ತೂರಿಸಬೇಕೆಂದರು. ಬೆಳಿಗ್ಗೆ ಒಂಬತ್ತೂಕಾಲಿಗೆ ಕೂತೆ. ಕೊಂಡಿ ಟಕ್ ಎಂದಿತು. ಆ ಸದ್ದು ಅಪ್ಪನ ಕಿವಿಗೂ ಕೇಳಿಸಿತು ಎಂದರೆ ನೀವು ನಂಬಬೇಕು.

ಎಕ್ಸ್‌ಪಿ ಹಾಕುವುದರಲ್ಲಿ ಕಳೆದ ಭಾನುವಾರವೆಲ್ಲ ಹೋಯಿತು. ಪರದೆಯ ಮೇಲೆ ಹಸಿರು ಗುಡ್ಡ ಬಂದಾಗ ಅಪ್ಪ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಇದು ಯಾವ ಊರೆಂದು ಕೇಳಿದರು. ಈಗ ಯಂತ್ರ ಚುರುಕಾಗಿದೆ. ಆದರೆ ನಿಮ್ಮ ಪ್ರೋಗ್ರಾಮಿಗೆ ಹೊಸ ಮನೆ ಒಗ್ಗಲಿಲ್ಲ. ತೆರೆಯುತ್ತದೆ, ಹೆಸರು ಕೇಳುತ್ತದೆ, ಮುದ್ರಿಸು ಎಂದರೆ ಮುಚ್ಚಿಕೊಂಡು ಹೋಗುತ್ತದೆ. ಇವತ್ತು ಬಂದವರನ್ನು ಬರಿಗೈಯಲ್ಲಿ ಕಳಿಸಿ ಅಪ್ಪ ಮಂಕಾಗಿ ಕೂತಿದ್ದಾರೆ.

ಕೋಕಿಲಾ


ಬೀದರ್
20 ಮೇ 2005

ಕೋಕಿಲಾ ಅವರಿಗೆ,

ಅಮ್ಮನವರ ವಿಷಯ ಓದಿ ಆ ದಿನ ಮನೆಯಿಂದ ಹೊರಗೆ ಹೋಗಲಾಗಲಿಲ್ಲ. ಬಾಡಿಗೆಯವನೆಂದು ಅವರು ನನ್ನನ್ನು ಯಾವತ್ತೂ ನೋಡಲಿಲ್ಲ. ನೀವು ಏಕೆ ತಿಳಿಸಲಿಲ್ಲವೆಂದು ಕೇಳುವ ಹಕ್ಕು ನನಗಿಲ್ಲ.

ನಾನೇ ಪ್ರೋಗ್ರಾಮನ್ನು ಹೊಸದಾಗಿ ಬರೆದು ಈ ಸಿಡಿಯಲ್ಲಿ ಕಳಿಸುತ್ತಿದ್ದೇನೆ. ಬೇಸಿಗೆ ರಜೆ, ಬೇರೆ ಕೆಲಸವೂ ಇರಲಿಲ್ಲ. ಒಂದು ತೊಂದರೆಯಿದೆ. ಫ್ಲಾಪಿಯಲ್ಲಿರುವ ಹಳೆಯ ಜಾತಕಗಳನ್ನು ಇದು ಓದುವುದಿಲ್ಲ. ಮೇಷ್ಟರ ಮರದ ಪೆಟ್ಟಿಗೆಯ ಕಾರ್ಡುಗಳನ್ನು ನೋಡಿಕೊಂಡು ನೀವೇ ಮತ್ತೆ ತುಂಬಬೇಕು. ಶ್ರಮದ ಕೆಲಸ, ಕ್ಷಮಿಸಿ.

ತಾರೀಖು ಹೊಡೆದ ಕೂಡಲೇ ಪಕ್ಕದಲ್ಲಿ ವಾರವೂ ತಾನಾಗಿ ಮೂಡುವಂತೆ ಮಾಡಿದ್ದೇನೆ. ಅದರಿಂದ ಉಪಯೋಗವೇನೂ ಇಲ್ಲ, ನೋಡಲು ಚೆನ್ನಾಗಿರುತ್ತದೆ ಅಷ್ಟೆ.

ವಾದಿರಾಜ


ಗವಿಪುರಂ
26 ಜೂನ್ 2005

ವಾದಿರಾಜರಿಗೆ,

ಆರುನೂರು ಕಾರ್ಡು ಮುಗಿದವು. ಒಂದು ಸಣ್ಣ ಸಂದೇಹ. ಒಂದು ಕಾರ್ಡಿನಲ್ಲಿ ತಾರೀಖು ಆರು, ಭಾನುವಾರ ರಾತ್ರಿ ಮೂರು ಗಂಟೆ ಎಂದಿದೆ. ಮನೆಯವರೇ ಬರೆದುಕೊಟ್ಟ ಕಾರ್ಡು. ಆರನೇ ತಾರೀಖು, ಮೂರು ಗಂಟೆ ಎಂದು ತುಂಬಿದರೆ ನಿಮ್ಮ ಪರದೆ ಭಾನುವಾರ ಬೆಳಗಿನ ಜಾವ ಎನ್ನುತ್ತದೆ. ಯಾವುದು ಸರಿ?

ಕೋಕಿಲಾ


ಬೀದರ್
4 ಜುಲೈ 2005

ಕೋಕಿಲಾ ಅವರಿಗೆ,

ಒಳ್ಳೆಯ ಪ್ರಶ್ನೆ ಕೇಳಿದಿರಿ. ನಮ್ಮ ಮನೆಗಳಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ಬೆಳಗಾಗುವವರೆಗೂ ಅದು ಭಾನುವಾರದ ರಾತ್ರಿಯೇ. ಯಂತ್ರಕ್ಕೆ ಮಾತ್ರ ಹನ್ನೆರಡು ಹೊಡೆದರೆ ಸೋಮವಾರ. ಹಾಗಾಗಿ ಏಳನೇ ತಾರೀಖು ಮೂರು ಗಂಟೆ ಎಂದು ತುಂಬಿ. ಆರು ಎಂದರೆ ಒಂದು ಇಡೀ ದಿನ ಹಿಂದಕ್ಕೆ ಹೋಗುತ್ತದೆ, ನಕ್ಷತ್ರವೇ ಬದಲಾಗಿಬಿಡುತ್ತದೆ. ಆಸ್ಪತ್ರೆಯ ಚೀಟಿಯಿಂದ ಬರೆದ ಕಾರ್ಡುಗಳಿಗೆ ಈ ತೊಂದರೆಯಿಲ್ಲ.

ಹಳೆಯ ಪ್ರೋಗ್ರಾಮಿಗೆ ತುಂಬುವಾಗ ಮೇಷ್ಟರು ಇದನ್ನು ಗಮನಿಸಿಯೇ ಇರುತ್ತಾರೆ. ಎಷ್ಟಾದರೂ ಮೂವತ್ತು ವರ್ಷ ಗಣಿತ ಹೇಳಿದವರಲ್ಲವೇ.

ಇಲ್ಲಿ ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಅಮ್ಮನಿಗೆ ಹೊಸ ಡಾಕ್ಟರ ಔಷಧಿಯಿಂದ ಗುಣ ಕಾಣುತ್ತಿದೆ.

ವಾದಿರಾಜ


ಗವಿಪುರಂ
12 ಜುಲೈ 2005

ವಾದಿರಾಜರಿಗೆ,

ಯಾರೂ ಗಮನಿಸಿಲ್ಲ. ಅಪ್ಪ ಕಾರ್ಡಿನಲ್ಲಿದ್ದದ್ದನ್ನು ಇದ್ದ ಹಾಗೆ ತುಂಬಿದರು. ನಿಮ್ಮ ಪ್ರೋಗ್ರಾಮು ಅದನ್ನು ಇದ್ದ ಹಾಗೆ ನಂಬಿತು. ಅಂಥ ಕಾರ್ಡುಗಳು ನಲವತ್ತಮೂರು ಸಿಕ್ಕಿವೆ.

ಕೋಕಿಲಾ


ಬೀದರ್
21 ಆಗಸ್ಟ್ 2005

ಕೋಕಿಲಾ ಅವರಿಗೆ,

ನಲವತ್ತು ದಿನ ಉತ್ತರ ಬರೆಯದಿದ್ದುದಕ್ಕೆ ಕ್ಷಮೆ ಕೇಳುವುದಿಲ್ಲ. ಕೇಳಬೇಕಾದ ದೊಡ್ಡ ಕ್ಷಮೆ ಬೇರೆಯಿದೆ.

ನಿಮ್ಮ ಜುಲೈ ಪತ್ರ ಕೈಯಲ್ಲಿದ್ದಾಗ ಜೂನಿನ ಪತ್ರವನ್ನೂ ತೆಗೆದು ಓದಿದೆ. ಆರನೇ ತಾರೀಖು, ಭಾನುವಾರ ರಾತ್ರಿ ಮೂರು ಗಂಟೆ. ಆಗ ಹೊಳೆಯಿತು. ಅದು ನಿಮ್ಮ ಕಾರ್ಡು.

ಹೊಸ ಪ್ರೋಗ್ರಾಮಿಗೆ ಏಳನೇ ತಾರೀಖೆಂದು ಕೊಟ್ಟೆ. ಹಳೆಯದು ನಿಮ್ಮನ್ನು ಚಿತ್ತಾ ಎಂದಿತ್ತು, ಹಾಗಾಗಿ ನನ್ನ ಅನೂರಾಧಾ ಜೊತೆ ಒಂದೇ ನಾಡಿಯಾಗಿ ತಳ್ಳಿಹಾಕಿತ್ತು. ಸರಿಯಾದ ಲೆಕ್ಕದಲ್ಲಿ ನೀವು ಸ್ವಾತಿ. ನಾಡಿದೋಷವಿಲ್ಲ. ಮೂವತ್ತಾರರಲ್ಲಿ ಇಪ್ಪತ್ತೆರಡೂವರೆ ಗುಣ ಬರುತ್ತದೆ. ಹದಿನೆಂಟು ಬಂದರೆ ಸಾಕೆಂದು ಮೇಷ್ಟರೇ ಎಲ್ಲರಿಗೂ ಹೇಳುತ್ತಿದ್ದರು. ಮೂರು ಸಲ ಪರೀಕ್ಷಿಸಿದ್ದೇನೆ, ಇನ್ನು ತಪ್ಪಿಲ್ಲ.

ನಾನು ಮದುವೆಯಾಗಿಲ್ಲ. ನೀವೂ ಆಗಿಲ್ಲವೆಂದು ನಿಮ್ಮ ಪತ್ರಗಳಿಂದ ಊಹಿಸಿದ್ದೇನೆ. ಜಾತಕ ಹೊಂದುತ್ತಿರುವುದರಿಂದ, ನೀವೂ ಮೇಷ್ಟರೂ ಒಪ್ಪಿದರೆ ಅಮ್ಮನನ್ನು ಕರೆದುಕೊಂಡು ಬಂದು ಮತ್ತೆ ಕೇಳುತ್ತೇನೆ. ಫಲಿತಾಂಶದ ಪ್ರತಿಯನ್ನು ಜೊತೆಗಿಟ್ಟಿದ್ದೇನೆ.

ವಾದಿರಾಜ


ಗವಿಪುರಂ
30 ಆಗಸ್ಟ್ 2005

ವಾದಿರಾಜರಿಗೆ,

ನೀವು ಕಳಿಸಿದ ಪ್ರತಿಯನ್ನು ವಾಪಸು ಕಳಿಸುತ್ತಿದ್ದೇನೆ.

ಅದು ನನ್ನ ಕಾರ್ಡೆಂದು ಜೂನಿನಲ್ಲೇ ನನಗೆ ಗೊತ್ತಿತ್ತು. ಹೆಸರು ಬರೆಯದೆ ಕೇಳಿದ್ದು ಬೇಕೆಂದೇ. ಗುರುತು ಹಿಡಿಯುತ್ತೀರೋ ಇಲ್ಲವೋ ನೋಡೋಣವೆಂದುಕೊಂಡೆ. ನೀವು ಒಳ್ಳೆಯ ಪ್ರಶ್ನೆ ಎಂದಿರಿ, ಸೂರ್ಯೋದಯದ ಪಾಠ ಹೇಳಿದಿರಿ, ಬೀದರಿನ ಮಳೆಯ ವಿಷಯ ಬರೆದಿರಿ. ಒಂದು ಕಾಲಕ್ಕೆ ಮದುವೆಯಾಗಬೇಕೆಂದಿದ್ದ ಹುಡುಗಿ ಹುಟ್ಟಿದ ಗಳಿಗೆ ನಿಮಗೆ ನೆನಪಿರಲಿಲ್ಲ. ಆ ಪತ್ರ ಓದಿ ನನಗೆ ಬಹಳ ನೋವಾಯಿತು.

ಜಾತಕ ನೋಡಿದ ಆ ಸಂಜೆ ನಿಮಗೆಷ್ಟು ನೆನಪಿದೆಯೋ ತಿಳಿಯದು. ನನಗೆಲ್ಲ ನೆನಪಿದೆ. ಅಪ್ಪ, ನೀವು, ನಿಮ್ಮ ತಾಯಿ ಪರದೆಯ ಮುಂದೆ ಕೂತಿದ್ದಿರಿ. ಚಿತ್ತಾ ಎಂದು ಬಂದಾಗ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಹೇಳಿದಳು: “ಅವಳು ಸ್ವಾತಿ ಕಣ್ರೀ. ಹೆತ್ತೋಳು ನಾನು, ನನಗೆ ಗೊತ್ತಿಲ್ವಾ? ಪುರೋಹಿತರು ಬರ್ಕೊಟ್ಟಿದಾರೆ.” ಪುರೋಹಿತರ ಪಂಚಾಂಗ ಹಳೆಯದು, ಸ್ಥೂಲ ಲೆಕ್ಕ, ಯಂತ್ರದ್ದು ಸೂಕ್ಷ್ಮ ಎಂದು ನೀವು ಅವಳಿಗೆ ಅರ್ಧ ಗಂಟೆ ವಿವರಿಸಿದಿರಿ. ಅಪ್ಪ ತಲೆಯಾಡಿಸಿದರು. ಅಲ್ಲಿಂದ ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಅಪ್ಪ ದೇವಸ್ಥಾನದಲ್ಲಿ ಚಿತ್ತಾ ನಕ್ಷತ್ರ ಹೇಳಿ ಅರ್ಚನೆ ಮಾಡಿಸಿದರು. ಅಮ್ಮ ಮಾರನೆಯ ದಿನ ಒಬ್ಬಳೇ ಹೋಗಿ ಸ್ವಾತಿಯೆಂದು ಮಾಡಿಸಿಕೊಂಡು ಬರುತ್ತಿದ್ದಳು. ಹಟವೆಂದು ನಾವು ನಗುತ್ತಿದ್ದೆವು. ಅವಳು ಹೇಳಿದ್ದೇ ಸರಿಯೆಂದು ಅವಳಿಗೆ ಹೇಳಲು ಈಗ ಅವಳೇ ಇಲ್ಲ.

ಅಪ್ಪನಿಗೆ ಈ ತಿಂಗಳ ಮೊದಲಲ್ಲೇ ಎಲ್ಲ ಓದಿ ಹೇಳಿದೆ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ನಲವತ್ತಮೂರು ಪೋಸ್ಟ್ ಕಾರ್ಡ್ ತರಿಸಿ, ನನಗೆ ಬರೆಯಲು ಬಿಡದೆ, ಕಾಣದ ಕಣ್ಣಿನಲ್ಲೇ ತಾವು ಬರೆದರು. ನಿಮ್ಮ ನಕ್ಷತ್ರ ನಾನು ತಪ್ಪು ಹೇಳಿದ್ದೆ, ನಿಮ್ಮ ಪುರೋಹಿತರದ್ದೇ ಸರಿ ಎಂದು. ಸಾಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ, ಹಾಗೆಯೇ ಅಂಚೆಗೆ ಹಾಕಿದ್ದೇವೆ. ಒಬ್ಬರ ಉತ್ತರ ಬಂದಿದೆ. ಬಳೇಪೇಟೆಯ ಯಶಶ್ರೀ ಎಂಬ ಹುಡುಗಿ, ಆ ತಪ್ಪು ನಕ್ಷತ್ರದಲ್ಲೇ ಹೊಂದಿಸಿ ಮದುವೆಯಾದವಳು. ನಮಗೆ ಎರಡು ಮಕ್ಕಳು, ಚೆನ್ನಾಗಿದ್ದೇವೆ, ದಯವಿಟ್ಟು ನಮ್ಮತ್ತೆಗೆ ತಿಳಿಸಬೇಡಿ ಎಂದು ಬರೆದಿದ್ದಾಳೆ.

ನನ್ನ ಸಿಟ್ಟು ಪ್ರೋಗ್ರಾಮಿನ ಮೇಲಲ್ಲ. ಅಂದು ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀವು ಪರದೆ ನೋಡಿದಿರಿ, ನನ್ನನ್ನು ನೋಡಲಿಲ್ಲ. ನಿನಗೇನನ್ನಿಸುತ್ತದೆಂದು ಕೇಳಲಿಲ್ಲ. ಯಂತ್ರ ಬೇಡವೆಂದಿತು, ನೀವು ಹೊರಟಿರಿ. ಈಗ ಯಂತ್ರ ಆಗಬಹುದೆಂದಿದೆ, ನೀವು ಬರುತ್ತೇನೆನ್ನುತ್ತೀರಿ. ನಾಳೆ ಇನ್ನಷ್ಟು ಮೆಮೊರಿ ಹಾಕಿ, ಇನ್ನೊಂದು ವಿಂಡೋಸ್ ಬಂದು, ಅದು ಬೇರೆ ಏನಾದರೂ ಹೇಳಿದರೆ? ಇಪ್ಪತ್ತೆರಡೂವರೆಯನ್ನು ನಂಬಿ ಬರುವವರು ನನಗೆ ಬೇಡ.

ಕೋಕಿಲಾ


ಬೀದರ್
11 ಸೆಪ್ಟೆಂಬರ್ 2005

ಕೋಕಿಲಾ,

ನೀವು ಬರೆದದ್ದೆಲ್ಲ ನಿಜ. ಒಂದನ್ನು ಮಾತ್ರ ತಿದ್ದಬೇಕು, ಅದರಿಂದ ನನ್ನ ತಪ್ಪು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನೀವು ಹುಟ್ಟಿದ ಗಳಿಗೆ ನಾನು ಮರೆತಿರಲಿಲ್ಲ. 06-02-1972, 03:00. ಬಾಯಿಪಾಠವಾಗಿದೆ. ಅದು ನನ್ನ ತಲೆಯಲ್ಲಿ ಇರುವುದೇ ಹೀಗೆ, ಅಂಕಿಯಾಗಿ. ಅದೊಂದು ಭಾನುವಾರದ ರಾತ್ರಿಯೆಂದು, ಆ ರಾತ್ರಿ ನಿಮ್ಮಮ್ಮ ನಿಮ್ಮನ್ನು ಹೆತ್ತರೆಂದು ನಾನು ಯೋಚಿಸಿದ್ದೇ ಇಲ್ಲ. ಅದಕ್ಕೇ ನಿಮ್ಮ ಜೂನಿನ ಪತ್ರದಲ್ಲಿ ನಿಮ್ಮನ್ನು ಗುರುತಿಸಲಾಗಲಿಲ್ಲ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಇದುವರೆಗೆ ಯಾರಿಗೂ ಹೇಳಿಲ್ಲ. ಯಂತ್ರ ಕೂಡದೆಂದ ಆ ಸಂಜೆಯ ಮಾರನೆಯ ದಿನ ಮೇಷ್ಟರು ಮಾರ್ಕೆಟ್ಟಿಗೆ ಹೋಗಿದ್ದಾಗ ನಾನು ಯಂತ್ರದ ಮುಂದೆ ಕೂತು ನಿಮ್ಮ ಜನ್ಮಸಮಯವನ್ನು ಗಂಟೆಗಂಟೆಯಾಗಿ ಮುಂದಕ್ಕೆ ತಳ್ಳುತ್ತ ಹೋದೆ, ಎಲ್ಲಾದರೂ ಹೊಂದೀತೇ ಎಂದು. ಬೆಳಗಿನ ಹತ್ತರ ಹೊತ್ತಿಗೆ ನಕ್ಷತ್ರ ಬದಲಾಗಿ ಸ್ವಾತಿ ಬಂತು, ಜಾತಕ ಹೊಂದಿತು. ಮತ್ತೂ ತಳ್ಳಿದೆ. ಏಳನೇ ತಾರೀಖು ಮೂರು ಗಂಟೆಗೂ ಹೊಂದುತ್ತಲೇ ಇತ್ತು. ನೋಡಿ ನನಗೆ ಹೆದರಿಕೆಯಾಯಿತು. ಒಂದು ಹುಡುಗಿಯ ಮೇಲಿನ ಆಸೆಗೆ ಅವಳ ಹುಟ್ಟನ್ನೇ ತಿರುಚಲು ಕೂತಿದ್ದೇನೆ ಎನ್ನಿಸಿ ಎಲ್ಲ ಅಳಿಸಿದೆ. ಸರಿಯಾದ ಉತ್ತರ ನನ್ನ ಕಣ್ಣೆದುರೇ ಇತ್ತು. ಹಿಂದಿನ ದಿನವಷ್ಟೇ ಅಮ್ಮನವರು ಅದನ್ನೇ ಬಾಯಿಬಿಟ್ಟು ಹೇಳಿದ್ದರು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ. ನನ್ನ ಆಸೆಯನ್ನು ಕಳ್ಳತನವೆಂದುಕೊಂಡು ಊರು ಬಿಟ್ಟೆ. ನಿಮ್ಮನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲು ಧೈರ್ಯ ಇರಲಿಲ್ಲ, ಯಂತ್ರ ಹೇಳಿತೆಂಬುದು ಒಳ್ಳೆಯ ನೆಪವಾಯಿತು.

ನೀವು ವಾಪಸು ಕಳಿಸಿದ ಹಾಳೆಯನ್ನು ಒಲೆಗೆ ಹಾಕಿದ್ದೇನೆ. ಜಾತಕ ಹೊಂದದಿದ್ದರೂ ಇದನ್ನೇ ಬರೆಯುತ್ತಿದ್ದೆ ಎಂದರೆ ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ನೀವು ಬೇಕು. ನಿಮಗೆ ನನ್ನನ್ನು ಮದುವೆಯಾಗಲು ಇಷ್ಟವಿದೆಯೇ? ಇದನ್ನು ಮೇಷ್ಟರನ್ನಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ. ಇಲ್ಲವೆಂದರೂ ಬರೆಯಿರಿ.

ವಾದಿರಾಜ


ಗವಿಪುರಂ
21 ಸೆಪ್ಟೆಂಬರ್ 2005

ವಾದಿರಾಜರಿಗೆ,

ಇಷ್ಟವಿದೆ. ಇದನ್ನು ಪತ್ರದ ಕೊನೆಯವರೆಗೂ ಎಳೆದು ನಿಮ್ಮನ್ನು ಕಾಯಿಸುವ ಮನಸ್ಸಿಲ್ಲ, ಅದಕ್ಕೆ ಮೊದಲೇ ಬರೆದೆ. ಸಿಟ್ಟು ಪೂರ್ತಿ ಹೋಗಿಲ್ಲ. ಅದು ಹೋಗುವವರೆಗೆ ಕಾಯುತ್ತ ಕೂತರೆ ನನಗೂ ನಿಮ್ಮಂತೆ ಒಂದು ನೆಪ ಸಿಕ್ಕಿದಂತಾಗುತ್ತದೆ.

ನಿಮ್ಮ ಪತ್ರವನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ, ಗಂಟೆಗಂಟೆಯಾಗಿ ತಳ್ಳಿದ್ದನ್ನೂ ಬಿಡಲಿಲ್ಲ. ಅವರು ಕೈ ಚಾಚಿ ಪಂಚಾಂಗ ಕೇಳಿದರು, ನೀವು ಬರುವುದಕ್ಕೆ ದಿನ ನೋಡಲು. ನಾನು ಕೊಡಲಿಲ್ಲ. ದಿನ ನಾನೇ ಗೊತ್ತು ಮಾಡಿದ್ದೇನೆ, ಅಕ್ಟೋಬರ್ ಎರಡು, ಭಾನುವಾರ. ಇನ್ನೂ ಪಿತೃಪಕ್ಷ, ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ಅಪ್ಪ ಹೌಹಾರಿದರು. “ಇನ್ನೆರಡು ದಿನ ತಡ್ಕೊಂಡ್ರೆ ನವರಾತ್ರಿನೇ ಬರತ್ತಲ್ಲೇ” ಎಂದರು. “ಏಳು ವರ್ಷ ತಡ್ಕೊಂಡಿದೀನಪ್ಪ” ಎಂದೆ.

ನಿಮ್ಮ ತಾಯಿಯವರಿಗೆ ಪಿತೃಪಕ್ಷದಲ್ಲಿ ಬರಲು ಮನಸ್ಸಿಲ್ಲದಿದ್ದರೆ ಬಲವಂತ ಮಾಡಬೇಡಿ, ಈ ಸಲ ನೀವೊಬ್ಬರೇ ಬನ್ನಿ. ಸಂಜೆ ಐದು ಗಂಟೆಗೆ ಬನ್ನಿ. ಭಾನುವಾರ ಆ ಹೊತ್ತು ರಾಹುಕಾಲ, ಕೇಂದ್ರಕ್ಕೆ ಒಬ್ಬರೂ ಬರುವುದಿಲ್ಲ. ಕೂತು ಮಾತಾಡಬಹುದು.

ಕೋಕಿಲಾ